ಧೂಮಕೇತುವಿನ ಮೇಲೆ ಅವತರಣ: ರೊಸೆಟ್ಟಾ ಪ್ರಯತ್ನದ ಸಿದ್ಧಿಯನ್ನು ಕುರಿತ ವಿಮರ್ಶೆ

೧

ಕ್ರಿ. ಶ. ೨೦೧೪ನೆಯ ಇಸವಿ ನವೆಂಬರ್ ೧೨ನೆಯ ದಿನ, ಮನುಷ್ಯನು ನಿರ್ಮಿಸಿದ ಯಂತ್ರವೊಂದು ಧೂಮಕೇತುವಿನ ನೆಲವನ್ನು ಮೊಟ್ಟಮೊದಲ ಬಾರಿಗೆ ಮೆಲ್ಲನೆ ಮುಟ್ಟಿತು. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯವರು ಕಳುಹಿಸಿದ್ದ ರೊಸೆಟ್ಟಾ ಎಂಬ ನೌಕೆಯಿಂದ ಬೇರ್ಪಟ್ಟು ಇಳಿದ ಈ ಯಂತ್ರದ ಹೆಸರು ಫೀಲೆ. ಅದು ನೆಲ ಮುಟ್ಟಿತೆಂಬ ಸಂಜ್ಞೆ ೫೧ ಕೋಟಿ ಕಿಲೋಮೀಟರುಗಳ ದೂರವನ್ನು ೨೮ ನಿಮಿಷಗಳಲ್ಲಿ ದಾಟಿ ಭೂಮಿಗೆ ಬಂದೊಡನೆಯೇ ಕಾರ್ಯ ಸಿದ್ಧಿಸಿತೆಂದು ಲೋಕಕ್ಕೆ ಸಾರಲಾಯಿತು. ಆದರೆ ಯಂತ್ರ ಮುಟ್ಟಿದೆಡೆಯಲ್ಲಿ ನಿಲ್ಲದೆ ಪುಟಿದು ಹೋಗಿದ್ದಿತೆಂಬುದು ಬಹುಬೇಗ ಹೊರಬಿದ್ದಿತು. ನೌಕೆಯಿಂದ ಬೇರ್ಪಟ್ಟ ೬೪ ಗಂಟೆಗಳಲ್ಲಿ ಅದರ ಬ್ಯಾಟರಿ ಬರಿದಾಗಿ ಅದು ಮೌನವನ್ನು ತಾಳಿತು.

ಅಂದಿನಿಂದ ಈ ಪ್ರಯತ್ನದ ವಿಷಯದಲ್ಲಿ ಎರಡು ಅಭಿಪ್ರಾಯಗಳು ನಡೆದುಬಂದಿವೆ. ಧೂಮಕೇತುವಿನ ಮೇಲೆ ಇಳಿದದ್ದೇ ಸಿದ್ಧಿಯೆಂದೂ ಉಳಿದ ಕೊರತೆಗಳು ಗಣನೆಗೆ ಬಾರವೆಂದೂ ಒಂದು ಪಕ್ಷದವರು ಹೇಳುತ್ತಾರೆ. ನಿಲ್ಲಲಾರದೆ, ಕೊರೆಯಲಾರದೆ, ಮೂರು ದಿನವೂ ಸರಿಯಾಗಿ ಬಾಳಲಾರದೆ ಹೋದ ಯಂತ್ರವನ್ನು ಸಫಲವೆನ್ನುವುದು ಮಾತಿನ ದುರುಪಯೋಗವೆಂದೂ, ಶಾಸ್ತ್ರಕ್ಕೆ ದೊರೆತ ಲಾಭವೆಲ್ಲವೂ ಧೂಮಕೇತುವಿನ ಜೊತೆಯಲ್ಲಿ ಎರಡು ವರ್ಷ ಸಂಚರಿಸಿದ ಮಾತೃನೌಕೆಯದೇ ಎಂದೂ ಇನ್ನೊಂದು ಪಕ್ಷದವರ ವಾದ. ಹತ್ತು ವರ್ಷಗಳಿಗೂ ಮೀರಿದ ಕಾಲ ಕಳೆದು, ಮೊದಲು ಪ್ರಕಟವಾದ ಫಲಿತಾಂಶಗಳಲ್ಲಿ ಕೆಲವು ಸ್ಥಿರಪಟ್ಟು ಕೆಲವು ತಿದ್ದುಪಡಿಗೆ ಒಳಗಾಗಿರುವುದರಿಂದ, ಈ ಎರಡು ಪಕ್ಷಗಳನ್ನೂ ಸಮಾಧಾನಚಿತ್ತದಿಂದ ಪರೀಕ್ಷಿಸಲು ಈಗ ಅವಕಾಶವುಂಟಾಗಿದೆ.

ಈ ಪರೀಕ್ಷೆಗೆ ಒರೆಗಲ್ಲನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಅದು ಹೆಸರುಗಳಲ್ಲಿಯೇ ಇದೆ. ೧೭೯೯ರಲ್ಲಿ ಈಜಿಪ್ಟಿನಲ್ಲಿ ದೊರೆತ ರೊಸೆಟ್ಟಾ ಶಿಲಾಶಾಸನ ಒಂದೇ ಒಕ್ಕಣೆಯನ್ನು ಮೂರು ಲಿಪಿಗಳಲ್ಲಿ ಕೊಡುತ್ತದೆ. ಅದರ ಸಹಾಯದಿಂದ ಷಾಂಪೋಲಿಯನ್ ೧೮೨೨ರಲ್ಲಿ ಈಜಿಪ್ಟಿನ ಚಿತ್ರಲಿಪಿಯನ್ನು ಓದುವ ದಾರಿಯನ್ನು ತೋರಿಸಿದನು. ಫೀಲೆ ದ್ವೀಪದ ಸ್ತಂಭಶಾಸನದಲ್ಲಿಯೂ ಗ್ರೀಕ್ ಲಿಪಿ ಮತ್ತು ಚಿತ್ರಲಿಪಿಗಳೆರಡೂ ಇದ್ದು, ಟಾಲೆಮಿ, ಕ್ಲಿಯೋಪಾತ್ರಾ ಎಂಬ ಹೆಸರುಗಳನ್ನು ಗುರುತಿಸಲು ಅದು ನೆರವಾಯಿತು. ಶಾಸನಗಳಲ್ಲಿ ಪರಿಶ್ರಮವುಳ್ಳವರಿಗೆ ಇದರ ಮರ್ಮ ತಿಳಿಯದಿರದು. ಒಂಟಿ ಪಾಠದಿಂದ ಅರ್ಥನಿಶ್ಚಯವಾಗುವುದಿಲ್ಲ. ಒಂದನ್ನು ಇನ್ನೊಂದರೊಡನೆ ಇಟ್ಟು ಓದಿದಾಗಲೇ ಸಂದೇಹ ಪರಿಹಾರವಾಗುತ್ತದೆ. ಧೂಮಕೇತುವಿಗೆ ಹೋದ ಎರಡು ಯಂತ್ರಗಳ ಕೆಲಸವನ್ನೂ ಹೀಗೆಯೇ ಓದಬೇಕೆಂಬುದು ಮುಂದೆ ತೋರಿಬರುವುದು.

೨

ಧೂಮಕೇತುವನ್ನು ಬೆನ್ನಟ್ಟಿ ಇಷ್ಟು ದೂರ ಹೋಗಲು ಕಾರಣವೇನೆಂಬುದನ್ನು ಮೊದಲು ತಿಳಿಯಬೇಕು. ಸುಮಾರು ೪೬೦ ಕೋಟಿ ವರ್ಷಗಳ ಹಿಂದೆ ಸೂರ್ಯನೂ ಗ್ರಹಗಳೂ ರೂಪುಗೊಂಡಾಗ ಮಿಕ್ಕುಳಿದ ಮಂಜು ಮತ್ತು ಧೂಳುಗಳಿಂದ ಧೂಮಕೇತುಗಳು ಆದವೆಂದು ಜ್ಯೋತಿರ್ವಿಜ್ಞಾನಿಗಳು ಎಣಿಸುತ್ತಾರೆ. ಭೂಮಿಯಂತಹ ಗ್ರಹಗಳಲ್ಲಿ ಆ ಆದಿದ್ರವ್ಯ ಕರಗಿ, ಬೆರೆತು, ಗುರುತು ಸಿಕ್ಕದಂತೆ ಮಾರ್ಪಟ್ಟಿದೆ; ಧೂಮಕೇತುಗಳಲ್ಲಿ ಅದು ಬಹುಮಟ್ಟಿಗೆ ಹಾಗೆಯೇ ಉಳಿದಿರಬೇಕು. ಭೂಮಿಯ ಸಾಗರಗಳಿಗೆ ನೀರು ಎಲ್ಲಿಂದ ಬಂದಿತು, ಜೀವಕ್ಕೆ ಬೇಕಾದ ಇಂಗಾಲದ ಸಂಯುಕ್ತಗಳು ಎಲ್ಲಿಂದ ಬಂದವು ಎಂಬ ಎರಡು ದೊಡ್ಡ ಪ್ರಶ್ನೆಗಳಿಗೆ ಉತ್ತರವನ್ನು ಧೂಮಕೇತುವಿನಲ್ಲಿ ಹುಡುಕುವುದು ಈ ಕಾರಣದಿಂದಲೇ.

ಈ ಹಾದಿಯಲ್ಲಿ ರೊಸೆಟ್ಟಾ ಮೊದಲನೆಯದಲ್ಲ. ೧೯೮೬ರಲ್ಲಿ ಜ್ಯೊತ್ತೋ ಎಂಬ ಐರೋಪ್ಯ ನೌಕೆ ಹ್ಯಾಲಿ ಧೂಮಕೇತುವಿನ ಬಳಿಯಲ್ಲಿ ಹಾದುಹೋಗಿ ಅದರ ಕಪ್ಪಾದ ಬೀಜವನ್ನು ಚಿತ್ರಿಸಿತು. ೨೦೦೫ರ ಜುಲೈ ೪ರಂದು ಅಮೆರಿಕದವರು ಟೆಂಪೆಲ್ ೧ ಎಂಬ ಧೂಮಕೇತುವಿಗೆ ಲೋಹದ ಗುಂಡೊಂದನ್ನು ಅಪ್ಪಳಿಸಿ, ಎದ್ದ ಧೂಳನ್ನು ಪರೀಕ್ಷಿಸಿದರು. ವೈಲ್ಡ್ ೨ ಎಂಬುದರ ಧೂಳನ್ನು ಹಿಡಿದ ಸ್ಟಾರ್‌ಡಸ್ಟ್ ನೌಕೆ ೨೦೦೬ರ ಜನವರಿಯಲ್ಲಿ ಅದನ್ನು ಭೂಮಿಗೆ ತಂದೊಪ್ಪಿಸಿತು. ಇವೆಲ್ಲವೂ ಕ್ಷಣಕಾಲದ ದರ್ಶನಗಳು. ಧೂಮಕೇತುವಿನ ಸಂಗಡವೇ ಇದ್ದು, ಅದು ಸೂರ್ಯನನ್ನು ಸಮೀಪಿಸಿ ಬಿಸಿಯೇರಿ ಮತ್ತೆ ತಣ್ಣಗಾಗುವವರೆಗೂ ನೋಡುತ್ತಿರುವುದು, ಅದರ ನೆಲದ ಮೇಲೆಯೇ ಉಪಕರಣಗಳನ್ನು ಇಡುವುದು, ಈ ಎರಡೂ ರೊಸೆಟ್ಟಾಕ್ಕೆ ಮೀಸಲಾದ ಉದ್ದೇಶಗಳು.

ಇಲ್ಲಿ ಒಂದು ಸಂಗತಿಯನ್ನು ಮರೆಯಲಾಗದು. ಮೂಲದಲ್ಲಿ ಯೋಚಿಸಿದ್ದುದು ಧೂಮಕೇತುವಿನ ದ್ರವ್ಯವನ್ನು ತೆಗೆದು ಭೂಮಿಗೆ ತರುವ ಪ್ರಯತ್ನವನ್ನು. ಅಮೆರಿಕದ ಸಹಕಾರ ತಪ್ಪಿಹೋದುದರಿಂದಲೂ ವೆಚ್ಚದ ಭಾರದಿಂದಲೂ ಆ ಯೋಚನೆಯನ್ನು ಕೈಬಿಟ್ಟು, ದ್ರವ್ಯವನ್ನು ಪ್ರಯೋಗಶಾಲೆಗೆ ತರುವುದಕ್ಕೆ ಬದಲು ಪ್ರಯೋಗಶಾಲೆಯನ್ನೇ ದ್ರವ್ಯದ ಬಳಿಗೆ ಕಳುಹಿಸುವ ಏರ್ಪಾಟನ್ನು ೧೯೯೩ರಲ್ಲಿ ಅಂಗೀಕರಿಸಲಾಯಿತು. ಎಂದಮೇಲೆ ಫೀಲೆ ಎಂಬುದು ಅಲಂಕಾರಕ್ಕಾಗಿ ಸೇರಿಸಿದ ಅಂಗವಲ್ಲ. ಮೂಲ ಸಂಕಲ್ಪದಲ್ಲಿ ಉಳಿದುಕೊಂಡ ಅಂಶವೇ ಅದು. ಅದರಲ್ಲಿದ್ದ ಹತ್ತು ಉಪಕರಣಗಳ ಪೈಕಿ ಒಂದು ಬೈರಿಗೆ. ನೆಲವನ್ನು ಕೊರೆದು ತೆಗೆದ ಚೂರನ್ನು ಪುಟ್ಟ ಕುಲುಮೆಗಳಲ್ಲಿ ಹಾಕಿ ಕಾಯಿಸಿ, ಬಂದ ಅನಿಲವನ್ನು ಅಣು ಅಣುವಾಗಿ ಬೇರ್ಪಡಿಸಿ ತೂಗುವ ಎರಡು ರಾಸಾಯನಿಕ ಉಪಕರಣಗಳಿಗೆ ಒಪ್ಪಿಸುವುದು ಅದರ ಕೆಲಸ. ಆ ಎರಡರ ಹೆಸರು ಕೊಸಾಕ್ ಮತ್ತು ಟಾಲೆಮಿ.

ಪ್ರಯಾಣ ಸುಲಭವಾದುದಾಗಿರಲಿಲ್ಲ. ೨೦೦೩ರ ಜನವರಿಯಲ್ಲಿ ವಿರ್ಟಾನೆನ್ ಎಂಬ ಧೂಮಕೇತುವಿಗೆ ಹೊರಡಬೇಕಾಗಿದ್ದ ನೌಕೆ, ಅದಕ್ಕೆ ಹಿಂದಿನ ತಿಂಗಳಿನಲ್ಲಿ ಏರಿಯಾನ್ ರಾಕೆಟ್ಟೊಂದು ಕೆಟ್ಟುಹೋದ ಕಾರಣ ಹೊರಡಲಾಗದೆ, ಗುರಿಯನ್ನೇ ಬದಲಾಯಿಸಬೇಕಾಯಿತು. ಹೊಸ ಗುರಿಯಾದುದು ಚುರ್ಯುಮೋವ್–ಗೆರಾಸಿಮೆಂಕೊ. ೧೯೬೯ರಲ್ಲಿ ಸ್ವೆತ್ಲಾನಾ ಗೆರಾಸಿಮೆಂಕೊ ತೆಗೆದ ಛಾಯಾಚಿತ್ರದಲ್ಲಿ ಕ್ಲಿಮ್ ಚುರ್ಯುಮೋವ್ ಗುರುತಿಸಿದ ಈ ಧೂಮಕೇತು ಸುಮಾರು ಆರೂವರೆ ವರ್ಷಗಳಿಗೊಮ್ಮೆ ಸೂರ್ಯನನ್ನು ಸುತ್ತುತ್ತದೆ. ೨೦೦೪ರ ಮಾರ್ಚ್ ೨ರಂದು ಹೊರಟ ನೌಕೆ ಭೂಮಿಯ ಬಳಿ ಮೂರು ಬಾರಿ, ಮಂಗಳನ ಬಳಿ ಒಂದು ಬಾರಿ ಹಾದು ವೇಗವನ್ನು ಸಂಪಾದಿಸಿ, ಎರಡೂವರೆ ವರ್ಷಕ್ಕೂ ಮೀರಿ ನಿದ್ರಾವಸ್ಥೆಯಲ್ಲಿದ್ದು, ೨೦೧೪ರ ಆಗಸ್ಟ್ ೬ರಂದು ಗುರಿಯನ್ನು ಸೇರಿತು. ಧೂಮಕೇತುವಿನ ಆಕಾರ ಅಂದಿನವರೆಗೆ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಹತ್ತಿರದಿಂದ ನೋಡಿದಾಗ ಅದು ಒಂದಕ್ಕೊಂದು ಅಂಟಿಕೊಂಡ ಎರಡು ಉಂಡೆಗಳಂತಿದ್ದಿತು. ದೊಡ್ಡದರ ಉದ್ದ ಸುಮಾರು ೪ ಕಿಲೋಮೀಟರ್, ಚಿಕ್ಕದರದು ಎರಡೂವರೆ. ಮೂರು ತಿಂಗಳೊಳಗಾಗಿ ಇಂತಹ ನೆಲದ ಪಟವನ್ನು ಬರೆದು, ಇಳಿಯುವ ಸ್ಥಳವನ್ನು ಆರಿಸಬೇಕಾಯಿತು.

೩

ಇನ್ನು ವಿಫಲವೆನ್ನುವವರ ವಾದವನ್ನು ಅದರ ಪೂರ್ಣಬಲದಿಂದಲೇ ಮಂಡಿಸುವುದು ನ್ಯಾಯ.

ಧೂಮಕೇತುವಿನ ಆಕರ್ಷಣಶಕ್ತಿ ಅತ್ಯಲ್ಪ. ಭೂಮಿಯ ಮೇಲೆ ೧೦೦ ಕಿಲೋಗ್ರಾಂ ತೂಗುವ ಫೀಲೆ ಅಲ್ಲಿ ಒಂದೆರಡು ಗ್ರಾಮಿನಷ್ಟು ಮಾತ್ರ ತೂಗುತ್ತಿದ್ದಿತು. ಆದ್ದರಿಂದ ಅಲ್ಲಿ ಇಳಿಯುವುದಕ್ಕಿಂತ ನಿಲ್ಲುವುದೇ ಕಠಿನವೆಂದು ನಿರ್ಮಾಪಕರು ಬಲ್ಲವರಾಗಿದ್ದರು. ಅದಕ್ಕಾಗಿಯೇ ಮೂರು ಸಾಧನಗಳನ್ನು ಏರ್ಪಡಿಸಿದ್ದರು: ಮೇಲಿನಿಂದ ಅನಿಲವನ್ನು ಚಿಮ್ಮಿ ಯಂತ್ರವನ್ನು ನೆಲಕ್ಕೆ ಒತ್ತುವ ಕೊಳವಿ, ನೆಲಕ್ಕೆ ನೆಟ್ಟು ಹಗ್ಗದಿಂದ ಬಿಗಿಯುವ ಎರಡು ಈಟಿಗಳು, ಕಾಲುಗಳಲ್ಲಿದ್ದ ತಿರುಪುಗಳು. ಕೊಳವಿ ಕೆಲಸಮಾಡಲಾರದೆಂಬ ಶಂಕೆ ಇಳಿಯುವುದಕ್ಕೆ ಹಿಂದಿನ ರಾತ್ರಿಯ ಪರೀಕ್ಷೆಯಲ್ಲಿಯೇ ತೋರಿಬಂದಿತ್ತು. ಆದರೂ ಇಳಿಸಲು ನಿಶ್ಚಯಿಸಿದರು. ಈಟಿಗಳು ಹಾರಲಿಲ್ಲ. ತಿರುಪುಗಳು ಹಿಡಿಯಲಿಲ್ಲ. ಮೂರೂ ಸಾಧನಗಳು ಕೈಕೊಟ್ಟುದರಿಂದ ಯಂತ್ರ ಸೆಕೆಂಡಿಗೆ ಸುಮಾರು ೩೮ ಸೆಂಟಿಮೀಟರ್ ವೇಗದಲ್ಲಿ ಪುಟಿಯಿತು. ಆ ವೇಗ ಇನ್ನೂ ಅಷ್ಟು ಹೆಚ್ಚಾಗಿದ್ದರೆ ಅದು ಎಂದಿಗೂ ಮರಳದಂತೆ ಆಕಾಶದ ಪಾಲಾಗುತ್ತಿದ್ದಿತು. ಸುಮಾರು ಒಂದು ಕಿಲೋಮೀಟರ್ ಎತ್ತರಕ್ಕೆ ಏರಿ, ನಡುವೆ ದಿಣ್ಣೆಯೊಂದರ ಅಂಚಿಗೆ ತಾಗಿ, ಎರಡು ಗಂಟೆಗಳ ಕಾಲ ಅಲೆದು, ಕಡೆಗೆ ಅಬಿಡೋಸ್ ಎಂದು ಹೆಸರಿಟ್ಟ ಕಡಿದಾದ ಸಂದಿನಲ್ಲಿ ಅದು ಓರೆಯಾಗಿ ಸಿಕ್ಕಿಕೊಂಡಿತು.

ಆ ಸಂದಿನಲ್ಲಿ ಧೂಮಕೇತುವಿನ ೧೨ ಗಂಟೆಗಳ ದಿನದಲ್ಲಿ ಒಂದೂವರೆ ಗಂಟೆಗಳಷ್ಟು ಮಾತ್ರ ಬಿಸಿಲು ಬೀಳುತ್ತಿದ್ದಿತು. ಸೌರಫಲಕಗಳು ಬ್ಯಾಟರಿಯನ್ನು ತುಂಬಲಾರದೆ ಹೋದವು. ತಿಂಗಳುಗಟ್ಟಲೆ ನಡೆಯಬೇಕಾಗಿದ್ದ ವೀಕ್ಷಣೆ ಮೂರನೆಯ ದಿನವೇ ನಿಂತಿತು. ೨೦೧೫ರ ಜೂನ್ ೧೩ರಂದು ಯಂತ್ರ ಎಚ್ಚತ್ತು ೮೫ ಸೆಕೆಂಡುಗಳ ಕಾಲ ಮಾತನಾಡಿತಾದರೂ, ಜುಲೈ ೯ರ ನಂತರ ಅದರಿಂದ ಸುದ್ದಿ ಬರಲಿಲ್ಲ. ಎಲ್ಲಕ್ಕಿಂತ ಮುಖ್ಯವಾದುದು ಬೈರಿಗೆಯ ಸಂಗತಿ. ಬ್ಯಾಟರಿ ಮುಗಿಯುವುದಕ್ಕೆ ಮುಂಚೆ ಅದನ್ನು ಕೆಳಕ್ಕೆ ಇಳಿಸಿ ಮೇಲೆತ್ತಿದರು, ಕುಲುಮೆಯನ್ನು ಕಾಯಿಸಿದರು. ಆದರೆ ಕುಲುಮೆಗೆ ಧೂಮಕೇತುವಿನ ದ್ರವ್ಯ ಬಿದ್ದ ಗುರುತು ಕಾಣಬರಲಿಲ್ಲ. ವೆಚ್ಚವೋ, ಇಡೀ ಪ್ರಯತ್ನಕ್ಕೆ ಆದ ಸುಮಾರು ೧೪೦ ಕೋಟಿ ಯೂರೋಗಳಲ್ಲಿ ಫೀಲೆಯೊಂದಕ್ಕೇ ೨೨ ಕೋಟಿ, ಎಂದರೆ ಹೆಚ್ಚು ಕಡಿಮೆ ಆರರಲ್ಲೊಂದು ಪಾಲು, ಸಂದಿತ್ತು.

ಈ ಸಂಗತಿಗಳಾವುವೂ ಅಲ್ಲಗಳೆಯತಕ್ಕವಲ್ಲ. ಇಳಿಯುವ ಯಂತ್ರವಾಗಿ ಮಾತ್ರ ನೋಡಿದರೆ, ಯೋಚಿಸಿದಂತೆ ನಡೆದುದು ಅವರೋಹಣವೊಂದೇ. ಅದು ಅಲ್ಪವಾದುದಲ್ಲವೆಂಬುದನ್ನೂ ಹೇಳಬೇಕು. ಇಪ್ಪತ್ತಕ್ಕೂ ಮಿಕ್ಕ ಕಿಲೋಮೀಟರುಗಳ ದೂರದಿಂದ ಕೈಬಿಟ್ಟ ಯಂತ್ರ, ತನ್ನನ್ನು ತಾನು ನಡೆಸಿಕೊಳ್ಳುವ ಶಕ್ತಿಯಿಲ್ಲದೆ ಏಳು ಗಂಟೆಗಳ ಕಾಲ ಬೀಳುತ್ತ ಬಂದು, ಅಗಿಲ್ಕಿಯಾ ಎಂಬ ಗುರಿಯ ನಡುವಿನಿಂದ ಸುಮಾರು ೧೨೦ ಮೀಟರ್ ಅಂತರದಲ್ಲಿ ನೆಲ ಮುಟ್ಟಿದುದು ಗಣಿತದ ಜಯವೇ ಸರಿ. ಆದರೆ ಗಣಿತದ ಜಯ ರಸಾಯನಶಾಸ್ತ್ರದ ಜಯವಾಗದು.

೪

ಸಫಲವೆನ್ನುವವರು ಈ ಆಕ್ಷೇಪಗಳಿಗೆ ಸಾಮಾನ್ಯವಾಗಿ ಕೊಡುವ ಉತ್ತರವೊಂದುಂಟು. ಮೊದಲ ಹಂತಕ್ಕೆಂದು ಗೊತ್ತುಮಾಡಿದ್ದ ವೈಜ್ಞಾನಿಕ ಕಾರ್ಯಕ್ರಮದಲ್ಲಿ ನೂರಕ್ಕೆ ೮೦ರಷ್ಟು ನೆರವೇರಿತೆಂದು ಸಂಸ್ಥೆಯವರೇ ಪ್ರಕಟಿಸಿದ್ದಾರೆ. ಈ ಸಂಖ್ಯೆ ಸುಳ್ಳಲ್ಲ. ಆದರೆ ಅದನ್ನು ತಕ್ಕಷ್ಟು ಎಚ್ಚರಿಕೆಯಿಂದ ಬಳಸಬೇಕು.

ಮೊದಲನೆಯದಾಗಿ, ಅದು ಮೊದಲ ಹಂತದ ಲೆಕ್ಕ. ಬ್ಯಾಟರಿಯ ಬಲದಿಂದ ನಡೆಯುವ ಆ ಹಂತದ ತರುವಾಯ ಸೂರ್ಯನ ಬಲದಿಂದ ನಡೆಯಬೇಕಾಗಿದ್ದ ದೀರ್ಘ ವೀಕ್ಷಣೆ ಈ ಲೆಕ್ಕಕ್ಕೆ ಸೇರಿಲ್ಲ. ಎರಡನೆಯದಾಗಿ, ನೂರಕ್ಕೆ ಇಷ್ಟೆಂಬ ಮಾತು ಕಾರ್ಯಗಳ ಎಣಿಕೆಯನ್ನು ಹೇಳುತ್ತದೆಯೇ ಹೊರತು ಅವುಗಳ ಬೆಲೆಯನ್ನು ಹೇಳುವುದಿಲ್ಲ. ನಡೆಯದೆ ಉಳಿದ ಅಲ್ಪಭಾಗದಲ್ಲಿಯೇ ಬೈರಿಗೆಯ ಕೆಲಸ ಸೇರಿದೆ. ಅಮೈನೋ ಆಮ್ಲಗಳ ಅಣುಗಳಲ್ಲಿ ಎಡಗೈ ಬಲಗೈಗಳಂತೆ ಒಂದಕ್ಕೊಂದು ಪ್ರತಿಬಿಂಬವಾದ ಎರಡು ಬಗೆಗಳುಂಟು. ಭೂಮಿಯ ಜೀವಿಗಳು ಬಹುಮಟ್ಟಿಗೆ ಎಡಗೈ ಬಗೆಯನ್ನೇ ಬಳಸುತ್ತವೆ. ಈ ಪಕ್ಷಪಾತ ಧೂಮಕೇತುವಿನ ದ್ರವ್ಯದಲ್ಲಿಯೂ ಇದೆಯೇ ಎಂಬುದನ್ನು ಬೇರ್ಪಡಿಸಿ ನೋಡುವ ಸಾಮರ್ಥ್ಯವನ್ನು ಕೊಸಾಕ್ ಉಪಕರಣದಲ್ಲಿ ಬುದ್ಧಿಪೂರ್ವಕವಾಗಿ ಇರಿಸಿದ್ದರು. ಕುಲುಮೆಗೆ ದ್ರವ್ಯ ಬಾರದೆ ಹೋದುದರಿಂದ ಆ ಪ್ರಶ್ನೆ ಕೇಳಲ್ಪಡಲೇ ಇಲ್ಲ. ಹತ್ತು ಪದ್ಯಗಳ ಗ್ರಂಥದಲ್ಲಿ ಎಂಟು ದೊರೆತು ಎರಡು ಲುಪ್ತವಾಗಿವೆಯೆಂದರೆ, ನಷ್ಟ ಐದರಲ್ಲೊಂದು ಎನ್ನುವುದು ಎಣಿಸುವವನ ಮಾತು. ಲುಪ್ತವಾದ ಆ ಎರಡರಲ್ಲಿಯೇ ಕವಿಯ ಹೆಸರೂ ಕಾಲವೂ ಇದ್ದಿದ್ದರೆ ಚರಿತ್ರಕಾರನು ಹಾಗೆ ಹೇಳಲಾರನು.

ಆದುದರಿಂದ ಸಫಲಪಕ್ಷದವರು ಆಶ್ರಯಿಸಬೇಕಾದುದು ಈ ಸಂಖ್ಯೆಯನ್ನಲ್ಲ. ಫೀಲೆಯಲ್ಲದೆ ಬೇರೆ ಯಾವ ವಿಧದಿಂದಲೂ ದೊರೆಯಲಾರದಿದ್ದ ಜ್ಞಾನ ಯಾವುದು ಎಂಬುದೇ ಸರಿಯಾದ ಪ್ರಶ್ನೆ. ಅದಕ್ಕೆ ಮೂರು ಉತ್ತರಗಳಿವೆ.

೫

ಒಂದನೆಯದು ಧೂಮಕೇತುವಿನ ಒಳರಚನೆ. ಫೀಲೆ ಒಂದು ಮಗ್ಗುಲಿನಲ್ಲಿಯೂ ಮಾತೃನೌಕೆ ಇನ್ನೊಂದು ಮಗ್ಗುಲಿನಲ್ಲಿಯೂ ಇದ್ದಾಗ, ಒಂದರಿಂದ ಹೊರಟ ರೇಡಿಯೋ ಅಲೆಗಳು ಚಿಕ್ಕ ಉಂಡೆಯನ್ನು ತೂರಿ ಇನ್ನೊಂದನ್ನು ಸೇರುವಂತೆ ಮಾಡಲಾಯಿತು. ಅಲೆಗಳು ತಡವಾದ ಪ್ರಮಾಣದಿಂದ ನಡುವಿನ ದ್ರವ್ಯದ ಸ್ವಭಾವವನ್ನು ಊಹಿಸಬಹುದು. ಧೂಮಕೇತುವಿನ ಗಾತ್ರದಲ್ಲಿ ನೂರಕ್ಕೆ ೭೫ರಿಂದ ೮೫ರಷ್ಟು ಭಾಗ ಬರಿಯ ತೆರಪೆಂದೂ, ಅಲೆಗಳು ಹಾದ ಭಾಗದಲ್ಲಿ ದ್ರವ್ಯ ಹತ್ತಾರು ಮೀಟರುಗಳ ಅಳತೆಯಲ್ಲಿ ಏಕರೀತಿಯಾಗಿದೆಯೆಂದೂ ಇದರಿಂದ ತಿಳಿದುಬಂದಿತು. ಒಂದೇ ನೌಕೆಯಿಂದ ಇದು ಸಾಧ್ಯವಾಗುತ್ತಿರಲಿಲ್ಲ. ಎರಡು ಪಾಠಗಳನ್ನು ಎದುರುಬದುರಾಗಿ ಇಟ್ಟು ಓದಿದುದರ ನೇರವಾದ ಫಲವಿದು.

ಎರಡನೆಯದು ಕಾಂತತ್ವ. ಸೌರಮಂಡಲದ ಆದಿಯಲ್ಲಿ ಧೂಳಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ದೊಡ್ಡ ಪಿಂಡಗಳಾಗುವುದಕ್ಕೆ ಕಾಂತಶಕ್ತಿ ಸಹಾಯ ಮಾಡಿರಬಹುದೆಂದು ಕೆಲವರು ತರ್ಕಿಸಿದ್ದರು. ಫೀಲೆಯ ಕಾಂತಮಾಪಕ ಇಳಿಯುವಾಗಲೂ, ಪುಟಿದು ಅಲೆಯುವಾಗಲೂ, ಬೇರೆ ಬೇರೆ ಎಡೆಗಳಲ್ಲಿ ನೆಲ ಮುಟ್ಟಿದಾಗಲೂ ಅಳತೆಯನ್ನು ತೆಗೆದುಕೊಂಡಿತು. ಧೂಮಕೇತುವಿನ ನೆಲದಲ್ಲಿ ಸ್ವಂತ ಕಾಂತತ್ವ ಗೋಚರವಾಗಲಿಲ್ಲ. ಒಂದು ಮೀಟರಿಗೆ ಮೇಲ್ಪಟ್ಟ ಪಿಂಡಗಳ ರಚನೆಯಲ್ಲಿ ಕಾಂತಶಕ್ತಿಗೆ ಪಾತ್ರವಿರಲಿಲ್ಲವೆಂಬ ನಿರ್ಣಯಕ್ಕೆ ಇದು ಆಧಾರವಾಯಿತು. ಇಲ್ಲವೆಂಬ ಉತ್ತರವೂ ಉತ್ತರವೇ. ಅದು ಒಂದು ದಾರಿಯನ್ನು ಮುಚ್ಚಿ ಹುಡುಕುವವರ ಶ್ರಮವನ್ನು ಉಳಿಸುತ್ತದೆ. ಯಂತ್ರ ಒಂದೇ ಕಡೆ ನೆಲೆನಿಂತಿದ್ದರೆ ಈ ಅಳತೆ ಒಂದು ಸ್ಥಳದ ವಿಶೇಷವೆಂದು ಸಂದೇಹಿಸಲು ಅವಕಾಶವಿರುತ್ತಿದ್ದಿತು. ಅಲೆದಾಟವೇ ಆ ಸಂದೇಹವನ್ನು ಕಳೆಯಿತು.

ಮೂರನೆಯದು ನೆಲದ ಗಟ್ಟಿತನ. ಅಗಿಲ್ಕಿಯಾದಲ್ಲಿ ಕಾಲುಗಳು ಊರಿದ ರೀತಿಯನ್ನು ಲೆಕ್ಕಹಾಕಿ, ಅಲ್ಲಿ ಸುಮಾರು ಒಂದು ಗೇಣಿನಷ್ಟು ದಪ್ಪನಾಗಿ ಸಡಿಲವಾದ ಹರಳು ಹರಳಾದ ಪದರವಿದೆಯೆಂದೂ, ಚದರ ಸೆಂಟಿಮೀಟರಿಗೆ ೧೦ ಗ್ರಾಮಿನಷ್ಟು ಭಾರಕ್ಕೆ ಅದು ಕುಸಿಯುವುದೆಂದೂ ನಿರ್ಣಯಿಸಿದರು. ಅಬಿಡೋಸಿನಲ್ಲಿಯಾದರೋ ಸುತ್ತಿಗೆಯಿಂದ ಬಡಿದು ಇಳಿಸಬೇಕಾದ ಮೊಳೆ ಪೂರ್ತಿ ಬಲದಿಂದ ಬಡಿದರೂ ಮೂರು ಸೆಂಟಿಮೀಟರುಗಳಷ್ಟೂ ಇಳಿಯಲಿಲ್ಲ. ಆ ನೆಲ ಚದರ ಸೆಂಟಿಮೀಟರಿಗೆ ೨೦ ಕಿಲೋಗ್ರಾಮಿಗೂ ಮೀರಿದ ಭಾರವನ್ನು ತಾಳುವಷ್ಟು ಗಟ್ಟಿಯಾಗಿರಬೇಕೆಂದು ಊಹಿಸಿದರು. ಈ ಎರಡರ ನಡುವೆ ಯಂತ್ರ ಎರಡು ನಿಮಿಷಗಳ ಕಾಲ ಉಜ್ಜಿಕೊಂಡು ಹೋದ ಮತ್ತೊಂದು ಸ್ಥಳವಿದ್ದಿತು. ಅದೆಲ್ಲಿಯೆಂಬುದು ಆರು ವರ್ಷಗಳ ತರುವಾಯ, ೨೦೨೦ರಲ್ಲಿ ಪ್ರಕಟವಾಯಿತು. ಯಂತ್ರ ಅಲ್ಲಿಯ ಬಂಡೆಯೊಂದನ್ನು ಕೆರೆದು, ಒಳಗಿದ್ದ ಹಳೆಯ ಮಂಜನ್ನು ಬಯಲಿಗೆ ಹಾಕಿದ್ದಿತು. ಅದು ಒತ್ತಿದ ಗುರುತಿನ ಆಳ ಸುಮಾರು ೨೫ ಸೆಂಟಿಮೀಟರ್. ಮಂಜೂ ಧೂಳೂ ಬೆರೆತ ಆ ದ್ರವ್ಯವಾದರೋ ೧೨ ಪಾಸ್ಕಲಿಗಿಂತ ಕಡಿಮೆ, ಎಂದರೆ ಚದರ ಸೆಂಟಿಮೀಟರಿಗೆ ಗ್ರಾಮಿನ ಎಂಟನೆಯ ಒಂದಂಶದಷ್ಟು ಭಾರವನ್ನೂ ತಾಳಲಾರದಷ್ಟು ಮೆತ್ತಗಿದ್ದಿತು. ಹಾಲಿನ ಮೇಲಿನ ನೊರೆಗೆ ಇದನ್ನು ಹೋಲಿಸಬಹುದು.

ಒಂದೇ ಧೂಮಕೇತುವಿನಲ್ಲಿ, ಒಂದು ಕಿಲೋಮೀಟರಿನ ಆಸುಪಾಸಿನಲ್ಲಿ, ಇಷ್ಟೊಂದು ವ್ಯತ್ಯಾಸ. ಯಂತ್ರ ಯೋಚಿಸಿದಂತೆ ಅಗಿಲ್ಕಿಯಾದಲ್ಲಿಯೇ ನೆಟ್ಟು ನಿಂತಿದ್ದರೆ, ಅಲ್ಲಿ ದೊರೆತ ಒಂದು ಸಂಖ್ಯೆಯನ್ನೇ ಧೂಮಕೇತುಗಳ ಲಕ್ಷಣವೆಂದು ಪಠ್ಯಗ್ರಂಥಗಳು ಬರೆದುಕೊಳ್ಳುತ್ತಿದ್ದುವೆಂದು ಶಂಕಿಸಲು ಕಾರಣವಿದೆ. ಮುಂದೆ ಇಂತಹ ನೆಲದ ಮೇಲೆ ಇಳಿಯುವವರಿಗೆ ಈ ಮೂರು ಸಂಖ್ಯೆಗಳು ಬೆಲೆಯುಳ್ಳವು.

ಆದರೂ ಇಲ್ಲಿ ಒಂದು ಭೇದವನ್ನು ಬಿಡಲಾಗದು. ಅಪಘಾತದಿಂದ ದೊರೆತ ಲಾಭ ಬೇರೆ, ಯೋಜನೆಯಿಂದ ಪಡೆದ ಸಿದ್ಧಿ ಬೇರೆ. ಎಡವಿ ಬಿದ್ದೆಡೆಯಲ್ಲಿ ನಿಧಿ ಕಂಡವನು ಭಾಗ್ಯವಂತನೆನಿಸಬಹುದು, ನಡೆಯಬಲ್ಲವನೆನಿಸನು. ಪುಟಿದುದರಿಂದ ಬಂದ ಜ್ಞಾನವನ್ನು ಶಾಸ್ತ್ರದ ಖಾತೆಗೆ ಜಮಾ ಮಾಡಬೇಕು. ಈಟಿಗಳ ನಿರ್ಮಾಣದ ಖಾತೆಗೆ ಮಾಡಲಾಗದು. ಈ ಎರಡು ಖಾತೆಗಳನ್ನು ಬೆರೆಸುವುದರಿಂದಲೇ ಇಂದಿನ ವಿವಾದದಲ್ಲಿ ಹೆಚ್ಚಿನ ಭಾಗ ಹುಟ್ಟಿದೆ.

೬

ರಾಸಾಯನಿಕ ಫಲಿತಾಂಶಗಳ ಕಥೆ ಇನ್ನೂ ಬೋಧಪ್ರದವಾದುದು. ಮೊದಲ ಬಾರಿ ನೆಲ ಮುಟ್ಟಿದಾಗ ಎದ್ದ ಧೂಳು ಯಂತ್ರದ ಕೊಳವೆಗಳಿಗೆ ನುಗ್ಗಿದುದರಿಂದ, ಬೈರಿಗೆಯ ನೆರವಿಲ್ಲದೆಯೇ ಕೊಸಾಕ್ ಉಪಕರಣ ಕೆಲವು ಅಣುಗಳ ವಾಸನೆಯನ್ನು ಹಿಡಿಯಿತು. ಹದಿನಾರು ಇಂಗಾಲದ ಸಂಯುಕ್ತಗಳು ಗುರುತಿಗೆ ಬಂದವೆಂದೂ, ಅವುಗಳಲ್ಲಿ ಮೀಥೈಲ್ ಐಸೊಸಯನೇಟ್, ಅಸಿಟೋನ್, ಪ್ರೊಪಿಯಾನಾಲ್ಡಿಹೈಡ್, ಅಸಿಟಮೈಡ್ ಎಂಬ ನಾಲ್ಕು ಧೂಮಕೇತುಗಳಲ್ಲಿ ಹಿಂದೆ ಕಂಡವಲ್ಲವೆಂದೂ ೨೦೧೫ರ ಜುಲೈಯಲ್ಲಿ ಪ್ರಕಟಿಸಿದರು. ಟಾಲೆಮಿ ಉಪಕರಣದವರು ಫಾರ್ಮಾಲ್ಡಿಹೈಡಿನ ಅಣುಗಳು ಸರಪಣಿಯಾಗಿ ಸೇರಿದ ವಸ್ತುವೊಂದರ ಕುರುಹನ್ನು ಕಂಡೆವೆಂದರು. ಜೀವಕ್ಕೆ ಮೊದಲಿನ ರಸಾಯನ ಧೂಮಕೇತುವಿನಲ್ಲಿ ಕೈಗೆ ಸಿಕ್ಕಿತೆಂದು ವಾರ್ತಾಪತ್ರಿಕೆಗಳಲ್ಲಿ ಸಂಭ್ರಮವಾಯಿತು.

೨೦೧೭ರಲ್ಲಿ ಮಾತೃನೌಕೆಯ ಉಪಕರಣದವರು ತಮ್ಮ ಅಳತೆಗಳನ್ನೂ ಈ ಎರಡು ಉಪಕರಣಗಳ ಅಳತೆಗಳನ್ನೂ ಜೊತೆಯಲ್ಲಿಟ್ಟು ಪರೀಕ್ಷಿಸಿದರು. ಮೂರರ ಒಟ್ಟು ರೂಪವೂ ಬಹುಮಟ್ಟಿಗೆ ಒಂದೇ ಆಗಿದ್ದಿತು. ಆದರೆ ಮೀಥೈಲ್ ಐಸೊಸಯನೇಟ್, ಪ್ರೊಪಿಯಾನಾಲ್ಡಿಹೈಡ್, ಗ್ಲೈಕೊಲಾಲ್ಡಿಹೈಡ್ ಎಂಬ ಹೆಸರುಗಳು ಸ್ಥಿರಪಡಲಿಲ್ಲ. ಟಾಲೆಮಿಯವರ ಸರಪಣಿ ವಸ್ತುವೂ ಅಸಂಭಾವ್ಯವೆಂದು ತೋರಿತು. ಅದಕ್ಕೆ ಬದಲಾಗಿ ಟಾಲ್ಯೂಯೀನ್ ಎಂಬ ಬೇರೊಂದು ಸಂಯುಕ್ತದ ಗುರುತು ಎರಡು ಕಡೆಯಲ್ಲಿಯೂ ಸ್ಪಷ್ಟವಾಯಿತು. ಅಣುವಿನ ತೂಕವನ್ನು ಮಾತ್ರ ಸ್ಥೂಲವಾಗಿ ತಿಳಿದಾಗ ಒಂದೇ ತೂಕದ ಹಲವು ಅಣುಗಳಲ್ಲಿ ಯಾವುದೆಂದು ನಿರ್ಣಯಿಸುವುದು, ಸವೆದುಹೋದ ಶಾಸನದಲ್ಲಿ ಅರ್ಧ ಉಳಿದ ಅಕ್ಷರವನ್ನು ಓದುವಂತಹ ಕೆಲಸ. ಓದುವವನ ಅಪೇಕ್ಷೆ ಅಕ್ಷರವನ್ನು ತುಂಬಿಬಿಡುತ್ತದೆ. ಇನ್ನೊಂದು ಪ್ರತಿಯಿದ್ದುದರಿಂದಲೇ ಇಲ್ಲಿ ತಪ್ಪೋದು ತಿದ್ದಲ್ಪಟ್ಟಿತು.

ಇದರಿಂದ ಮಾತೃನೌಕೆಯ ಪಾಠವೇ ಪ್ರಮಾಣ, ಫೀಲೆಯದು ನಿರರ್ಥಕ ಎಂದು ವಿಫಲಪಕ್ಷದವರು ನಿಗಮನ ಮಾಡಿದರೆ ಅದೂ ಆತುರದ ಮಾತೇ. ಮಾತೃನೌಕೆಯ ಕೀರ್ತಿಗೆ ಕಾರಣವಾದ ಶೋಧಗಳು ನಿಜವಾಗಿಯೂ ದೊಡ್ಡವು: ೨೦೧೫ರಲ್ಲಿ ಪ್ರಕಟವಾದ ಶುದ್ಧ ಆಮ್ಲಜನಕದ ಇರವು, ೨೦೧೬ರಲ್ಲಿ ಪ್ರಕಟವಾದ ಗ್ಲೈಸೀನ್ ಎಂಬ ಅಮೈನೋ ಆಮ್ಲ ಮತ್ತು ರಂಜಕಗಳ ಇರವು. ಆದರೆ ಅದರ ಪ್ರಸಿದ್ಧವಾದ ಒಂದು ನಿರ್ಣಯವೇ ಇಂದು 'ಪುನಃಪರಿಶೀಲನೆ'ಗೆ ಗುರಿಯಾಗಿದೆ. ಧೂಮಕೇತುವಿನ ನೀರಿನಲ್ಲಿ ಭಾರಜಲಜನಕದ ಪ್ರಮಾಣ ಭೂಮಿಯ ಸಾಗರಗಳಲ್ಲಿರುವುದಕ್ಕಿಂತ ಮೂರು ಪಟ್ಟಿಗೂ ಅಧಿಕವೆಂದೂ, ಆದುದರಿಂದ ಇಂತಹ ಧೂಮಕೇತುಗಳು ಸಾಗರಗಳ ಮೂಲವಾಗಲಾರವೆಂದೂ ೨೦೧೪ರ ಡಿಸೆಂಬರಿನಲ್ಲಿ ಸಾರಿದ್ದರು. ೨೦೨೪ರಲ್ಲಿ ಅದೇ ಅಳತೆಗಳನ್ನು ಇಡಿಯಾಗಿ ಮತ್ತೆ ಪರಿಶೀಲಿಸಿದವರು, ಧೂಳಿನ ಕಣಗಳು ಹೆಚ್ಚಾಗಿದ್ದಾಗ ಭಾರಜಲಜನಕದ ಅಂಶ ಏರಿ ಕಾಣುವುದೆಂದೂ, ಆ ಪ್ರಭಾವವನ್ನು ಕಳೆದರೆ ಪ್ರಮಾಣ ಭೂಮಿಯದರ ಸಮೀಪಕ್ಕೆ ಬರುವುದೆಂದೂ ವಾದಿಸಿದ್ದಾರೆ. ಧೂಳನ್ನೂ ಮಂಜನ್ನೂ ನೆಲದ ಮೇಲೆಯೇ ಬೇರೆ ಬೇರೆಯಾಗಿ ಕಾಯಿಸಿ ಅಳೆದಿದ್ದರೆ ಈ ವಿವಾದಕ್ಕೆ ಉತ್ತರದ ಒಂದು ಭಾಗವಾದರೂ ಕೈಯಲ್ಲಿರುತ್ತಿದ್ದಿತು. ಎಂದರೆ ಮೇಲಿನಿಂದ ನೋಡುವವನ ಪಾಠಕ್ಕೂ ನೆಲದ ಪಾಠದ ಅಪೇಕ್ಷೆಯುಂಟು. ಕುಲುಮೆ ಬರಿದಾಗಿ ಉಳಿದುದರ ನಷ್ಟ ಫೀಲೆಗೆ ಮಾತ್ರ ಸೇರಿದುದಲ್ಲ. ಮಾತೃನೌಕೆಯ ಫಲಿತಾಂಶಗಳಿಗೂ ಅದು ತಟ್ಟಿದೆ.

೭

೨೦೧೬ರ ಸೆಪ್ಟೆಂಬರ್ ೨ರಂದು, ಮಾತೃನೌಕೆಯ ಕಾರ್ಯ ಮುಗಿಯಲು ಒಂದು ತಿಂಗಳು ಕೂಡ ಉಳಿದಿರದಾಗ, ಅದರ ಚಿತ್ರವೊಂದರಲ್ಲಿ ಬಂಡೆಯ ನೆರಳಿನಲ್ಲಿ ಒರಗಿದ್ದ ಫೀಲೆ ಕಾಣಿಸಿತು. ಅದಾವ ಭಂಗಿಯಲ್ಲಿ, ಎಂತಹ ನೆಲದ ಮೇಲೆ ಇದ್ದಿತೆಂಬುದು ಆಗ ನಿಶ್ಚಯವಾಗಿ, ಎರಡು ವರ್ಷಗಳ ಹಿಂದೆ ಅದು ಕಳುಹಿಸಿದ್ದ ಅಳತೆಗಳಿಗೆ ಸರಿಯಾದ ಸಂದರ್ಭ ದೊರೆಯಿತು. ಸೆಪ್ಟೆಂಬರ್ ೩೦ರಂದು ಮಾತೃನೌಕೆಯೂ ಮೆಲ್ಲನೆ ಅದೇ ಧೂಮಕೇತುವಿನ ಮೇಲೆ ಇಳಿದು ತನ್ನ ಕೆಲಸವನ್ನು ಮುಗಿಸಿತು. ಎರಡು ಯಂತ್ರಗಳೂ ಈಗ ಒಂದೇ ಪಿಂಡದ ಮೇಲಿವೆ.

ಮೇಲಿನ ವಿಚಾರದಿಂದ ಸಿದ್ಧವಾಗುವುದೇನೆಂದರೆ: ಇಳಿದು ನಿಲ್ಲುವ ಕಾರ್ಯವಾಗಿ ಫೀಲೆ ಅರ್ಧ ಸಿದ್ಧಿಯನ್ನು ಮಾತ್ರ ಪಡೆಯಿತು, ದ್ರವ್ಯವನ್ನು ತೆಗೆದು ಪರೀಕ್ಷಿಸುವ ಪ್ರಯೋಗಶಾಲೆಯಾಗಿ ಅದು ವಿಫಲವಾಯಿತು, ಮಾತೃನೌಕೆಯೊಡನೆ ಸೇರಿ ಓದಬೇಕಾದ ಎರಡನೆಯ ಪಾಠವಾಗಿ ಅದು ಬೇರಾವುದರಿಂದಲೂ ದೊರೆಯದ ಅರ್ಥವನ್ನು ಕೊಟ್ಟಿತು. ಈ ಮೂರು ವಾಕ್ಯಗಳೂ ಏಕಕಾಲದಲ್ಲಿ ಸತ್ಯ. ಸಫಲ, ವಿಫಲ ಎಂಬ ಒಂದೇ ಪದದಲ್ಲಿ ಇವನ್ನು ಅಡಗಿಸಹೊರಟವರು ಯಾವ ಪಕ್ಷದವರಾದರೂ ಸತ್ಯದ ಎರಡು ಪಾಲನ್ನು ಬಿಟ್ಟವರಾಗುತ್ತಾರೆ.

ಇದು ಕೇವಲ ಮಾತಿನ ವಿವಾದವೆಂದು ತಳ್ಳಿಹಾಕತಕ್ಕುದಲ್ಲ. ಮುಂದೆ ಧೂಮಕೇತುವಿಗೆ ಹೋಗುವವರು ಯಾವ ತರಹದ ಯಂತ್ರವನ್ನು ಕಟ್ಟಬೇಕೆಂಬುದು ಈ ತೀರ್ಪನ್ನೇ ಅವಲಂಬಿಸಿದೆ. ಫೀಲೆ ಪೂರ್ಣ ಸಫಲವೆಂದು ನಂಬಿದರೆ ಈಟಿ, ತಿರುಪು, ಕೊಳವಿಗಳ ದೋಷ ತಿದ್ದದೆ ಉಳಿಯುವುದು. ಪೂರ್ಣ ವಿಫಲವೆಂದು ನಂಬಿದರೆ ಇಳಿಯುವ ಪ್ರಯತ್ನವನ್ನೇ ತೊರೆದು ದೂರದಿಂದ ನೋಡುವುದರಲ್ಲಿಯೇ ತೃಪ್ತರಾಗುವರು. ಆಗ ಕುಲುಮೆಗೆ ಬೀಳಬೇಕಾಗಿದ್ದ ಚೂರು, ಅದರೊಡನೆ ಎಡಗೈ ಬಲಗೈಗಳ ಪ್ರಶ್ನೆಯೂ, ಮತ್ತೊಂದು ತಲೆಮಾರು ಕಾಯಬೇಕಾದೀತು. ಜನರ ಹಣದಿಂದ ನಡೆಯುವ ಇಂತಹ ಕಾರ್ಯಗಳಲ್ಲಿ ಮೊದಲ ಗಂಟೆಯ ಜಯಘೋಷಕ್ಕಿಂತ ಹತ್ತನೆಯ ವರ್ಷದ ಲೆಕ್ಕವನ್ನು ಜನರ ಮುಂದಿಡುವುದು ಶಾಸ್ತ್ರಜ್ಞರಿಗೆ ಹೆಚ್ಚು ಶೋಭೆ. ರೊಸೆಟ್ಟಾದವರ ಪೈಕಿ ಹಲವರು ತಮ್ಮವರೇ ಪ್ರಕಟಿಸಿದ ಫಲಿತಾಂಶಗಳನ್ನು ನಿರ್ದಾಕ್ಷಿಣ್ಯವಾಗಿ ತಿದ್ದಿರುವುದು ಈ ಪ್ರಯತ್ನದ ಗುಣಗಳಲ್ಲಿ ಕಡಿಮೆಯಾದುದಲ್ಲ. ಧೂಮಕೇತುವಿನ ಶಾಸನದಲ್ಲಿ ಕೆಲವು ಪಂಕ್ತಿಗಳು ಮಾತ್ರ ಓದಿಗೆ ಬಂದಿವೆ. ಓದಿದಷ್ಟನ್ನು ಸರಿಯಾಗಿ ಓದಿ, ಓದಲಾಗದೆ ಉಳಿದೆಡೆಯನ್ನು ಹಾಗೆಂದೇ ಗುರುತುಮಾಡಿದಲ್ಲಿ ಮುಂದಿನವರಿಗೆ ಅದೇ ದೊಡ್ಡ ಉಪಕಾರವಾದೀತು.